ಆಮ್ಸ್ಟರ್‌ಡ್ಯಾಮಿನಾಗ ಖಾಸಬಾಗದ ಥಂಡಾಯಿ

ಖಾಸಬಾಗ

ಬೆಳಗಾಂವಿ ಖಾಸಬಾಗದಾಗ ನಮ್ಮ ತಾಲೀಮಿನ ಮುಂದ ನಿಂತು ಯಾರನ್ನಾದ್ರೂ ಕೇಳ್ರಿ, ಕುಸ್ತಿ ಕಲಸೋ ಈ ಬಸಪ್ಪ ವಸ್ತಾದ, ಅಂದ್ರ ನಾನು, ಎಂಥಾಂವ ಅಂತ. ಸಿಟ್ಟಿನವ ಅಂತಾರ. ಖರೇ ಐತಿ. ಸೊಕ್ಕಿನವ ಅಂತಾರ. ಅದೂ ಖರೇನ. ಆದ್ರ ಅವನ ಥಂಡಾಯಿ ಹೆಂಗ ಅಂತ ಕೇಳ್ರಿ, ಬೈಯ್ಯಾವ್ರೂ ತುಟಿ ಸವರಿಕೊಂಡು ಸುಮ್ಮನಾಗತಾರ.

ಥಂಡಾಯಿ ನಮ್ಮ ಪೈಲವಾನರ ಪಾನಕ. ನೆನೆ ಇಟ್ಟ ಬದಾಮ, ಗಸಗಸಿ, ಕಲ್ಲಂಗಡಿ ಬೀಜ, ಬಡೇಸೋಪು, ಯಾಲಕ್ಕಿ, ಒಂದೀಟು ಕರೇ ಮೆಣಸು. ಇವನ್ನೆಲ್ಲಾ ಖಾನಾಪುರದ ಕುಂಬಾರರು ಮಾಡಿದ ಒರಟು ಮಣ್ಣಿನ ಬೋಗುಣಿಯೊಳಗ ಹಾಕಿ, ಬೇವಿನ ಕಟ್ಟಿಗೀಲೆ ತಿರುವಿ ತಿರುವಿ ಅರೀಬೇಕು. ತೋಳು ಬಿದ್ದು ಹೋಗಬೇಕು, ಹಂಗ. ಆಮ್ಯಾಲ ಹಾಲು, ಸಕ್ಕರಿ. ನಾ ಒಂದು ಹಿಡಿ ಪಿಸ್ತಾನೂ ಹಾಕತೀನಿ, ಅದಕ್ಕ ನಮ್ಮ ಥಂಡಾಯಿ ಎಳೀ ಹಸಿರ ಕಾಣತೈತಿ. ಆ ಹಸಿರ ಬಣ್ಣನ ಮುಂದ ಪರದೇಶದಾಗ ನನ್ನ ಮಾನ ಕಳೆಯೋದರಾಗಿತ್ತು.

ಇದರಾಗ ಭಾಂಗ್, ಅಂದ್ರ ಗಾಂಜಾ ಗಿಡದ ಸೊಪ್ಪು, ಅರದು ಹಾಕೋ ಮಂದಿ ಅದಾರ. ಶಿವರಾತ್ರಿಗೆ ಶಿವನ ಪ್ರಸಾದ ಅಂತ ಹಾಕತಾರ. ನಮ್ಮ ತಾಲೀಮಿನಾಗ ಹಾಕಂಗಿಲ್ಲ. ನಾ ಹುಡುಗ ಇದ್ದಾಗ ಹಾಕಿದ್ರು. ನಮ್ಮ ತಾಲೀಮಿನ ದೊಡ್ಡ ಪೈಲವಾನ ಪರಸಣ್ಣ ಅದನ್ನ ಕುಡದು, ಮರುದಿನ ಖಾನಾಪುರದ ಕಣದಾಗ ಇಳದ. ಎದುರಿನಾಂವ ಅವನ್ನ ಎತ್ತಿ ಚಿತ್ ಮಾಡಿದ. ಬಿದ್ದಾಂವ ಎದ್ದನೇನು? ಅಲ್ಲೇ ಮಣ್ಣಾಗ ಅಂಗಾತ ಬಿದ್ದು, ಆಕಾಶ ನೋಡಿ ನಕ್ಕೋತ ಮಲಗಿದ. ಊರಿಗೆ ಊರೇ ನಕ್ಕಿತು. ಅಂದಿನಿಂದ ನಮಗ 'ಗುಂಗಿನ ತಾಲೀಮಿನವರು' ಅಂತ ಹೆಸರು ಬಿತ್ತು. ಸಂತ್ಯಾಗ ಹೆಣಮಕ್ಕಳು ಸುದ್ದಾ ಕೇಳೋರು, 'ಏನ್ರೋ, ಇವತ್ತ ಗುಂಗು ಇಳದೈತೋ ಇಲ್ಲೋ?' ಆ ಹೆಸರು ಅಳಸಾಕ ನಮ್ಮ ಗುರುಗಳ ಆಯುಷ್ಯ ಹೋತು, ನನ್ನ ಹರೇ ಹೋತು. ಎಷ್ಟು ಕುಸ್ತಿ ಗೆದ್ವಿ, ಆಮ್ಯಾಲ ಮಂದಿ ಬಾಯಿ ಮುಚ್ಚಿತು. ಗುರುಗಳು ಕಣದ ಮಣ್ಣು ಮುಟ್ಟಿಸಿ ನನ್ನ ಕಡೆ ಆಣಿ ತಗೊಂಡಿದ್ರು, ಬೋಗುಣಿಯೊಳಗ ಅದು ಬೀಳಬಾರದು ಅಂತ.

ಎಂಬತ್ತರ ದಶಕ ಆಗಷ್ಟೇ ಸುರು ಆಗಿತ್ತು. ದಿಲ್ಲಿಯಿಂದ ಒಬ್ಬರು ಸಾಹೇಬರು ಬಂದು, ಹಾಲಂಡ್ ದೇಶದಾಗ ಭಾರತದ ಒಂದು ಮೇಳಾ ಐತಿ, ನೀವು ಬಂದು ಕುಸ್ತಿ ಪಟ್ಟು ತೋರಸಬೇಕು, ಥಂಡಾಯಿ ಮಾಡಿ ಕುಡಸಬೇಕು ಅಂದ್ರು. ಮಂದಿ ಚೊಲೋ ಕೂಡಿದ್ರ ಮುಂದ ಜರ್ಮನಿಗೂ ಕಳಸತೀವಿ ಅಂದ್ರು. ನನ್ನ ಜೋಡಿಗೆ ಖಾನಾಪುರದ ಬಾಬಾಸಾಬ. ಗದಾ ತಿರುವೋದರಾಗ ಅವನ ಸರಿಸಮ ನಮ್ಮ ಕಡೆ ಯಾರೂ ಇಲ್ಲ. ಮನ್ಯಾಗ ಉರ್ದು, ಪ್ಯಾಟ್ಯಾಗ ಮರಾಠಿ, ನನ್ನ ಕೂಡ ಕನ್ನಡ, ಸುಳ್ಳು ಮೂರೂ ಭಾಷಾದಾಗ. ಅಂವ ಹೊರಡೋ ಮೊದಲೇ ಲೋಂಡಾ ಟೇಶನ್ನಿನ ಚಹಾದಾಂವಗೂ ಜರ್ಮನಿಗೆ ಹೊಂಟೀನಿ ಅಂತ ಹೇಳಿಬಿಟ್ಟಿದ್ದ. ಹಾಲಂಡಿನ ಹೆಸರೇ ತಗೀಲಿಲ್ಲ.

ವಿಮಾನ ಇಳದ ಜಾಗಾ

ಪೈಲವಾನ ತನ್ನ ತಾಲೀಮಿನ ಮಣ್ಣು ಮುಟ್ಟದ ಕಣಕ್ಕ ಇಳಿಯಂಗಿಲ್ಲ. ಅದಕ್ಕ ಒಂದು ಚೀಲ ನಮ್ಮ ಕೆಂಪ ಮಣ್ಣು ತಗೊಂಡು ಹೋಗಿದ್ವಿ. ಬರೇ ಮಣ್ಣಲ್ಲ ಮತ್ತ. ಅರಿಷಿಣ, ಎಣ್ಣಿ, ಮಜ್ಜಗಿ, ಲಿಂಬಿಹಣ್ಣಿನ ರಸ ಕೂಡಿಸಿ ವರ್ಷಾನುಗಟ್ಟಲೆ ತುಳದ ಮಣ್ಣು. ಆಮ್ಸ್ಟರ್‌ಡ್ಯಾಮಿನ ವಿಮಾನ ನಿಲ್ದಾಣದಾಗ ಹಳದಿ ಕೂದಲಿನ ಅಧಿಕಾರಿ ಚೀಲ ಬಿಚ್ಚಿದ. ಮೂಸಿದ. ಮತ್ತೊಬ್ಬನ್ನ ಕರದ, ಅಂವನೂ ಮೂಸಿದ. ಆಮ್ಯಾಲ ಒಂದು ನಾಯಿ ತಂದ್ರು. ನಾಯಿ ಮೂಸಿ ಸೀನಿತು.

'ತಡೀರಿ, ನಾ ತಿಳಿಸಿ ಹೇಳತೀನಿ' ಅಂದ ಬಾಬಾಸಾಬ, ಒಂದು ಚಿಟಿಕಿ ಮಣ್ಣು ತಗದು ಹಣಿಗೆ ಹಚ್ಚಿಕೊಂಡು, ತೊಡಿ ತಟ್ಟಿ 'ಯಾ ಅಲಿ' ಅಂತ ಒಂದು ಹೂಂಕಾರ ಹಾಕಿದ. ಅಧಿಕಾರಿಗಳು ಹಿಂದಕ ಸರದ್ರು. ನಾಯಿ ಮೇಜಿನ ಕೆಳಗ ಹೋತು. ನಾ ಅಂದೆ, 'ಬಾಬಾ, ಇನ್ನೊಮ್ಮೆ ತಿಳಿಸಿ ಹೇಳಬ್ಯಾಡಪಾ, ಜೇಲಿಗೆ ಹಾಕತಾರ.'

ಗಸಗಸಿ ಡಬ್ಬಿ ಸಿಕ್ಕಾಗಂತೂ ಇನ್ನ ಜೇಲು ಖರೇ ಅಂದುಕೊಂಡೆ. ಅಫೀಮಿನ ಗಿಡದ ಬೀಜ ಅಲ್ಲೇನು ಅದು! ಆದ್ರ ಆ ಹಳದಿ ಕೂದಲಿನಾಂವ ಅದನ್ನ ನೋಡಿ ನಕ್ಕ. ತನ್ನ ಬುತ್ತಿ ತಗದು ತೋರಿಸಿದ. ಅವರ ರೊಟ್ಟಿ ಮ್ಯಾಲ ಗಸಗಸಿ ಉದರಿಸಿದ್ರು. ಆ ರೊಟ್ಟಿ ನಮ್ಮ ಪಾರ ಹಚ್ಚಿತು. ಮಣ್ಣೂ ಬಿಟ್ರು, ನಮ್ಮನ್ನೂ ಬಿಟ್ರು.

ಸುಶೀಲಾನ ಓಣಿ

ನಮ್ಮ ದುಭಾಷಿ ಸುಶೀಲಾ ಅಂತ ಒಬ್ಬಾಕಿ ಹುಡುಗಿ. ಹೆಸರು ನಮ್ಮದು, ಮೋತಿ ನಮ್ಮದು, ಆದ್ರ ಅಕಿ ಭಾರತ ಕಣ್ಣೀಲೆ ಕಂಡಾಕಿ ಅಲ್ಲ. ಅಕಿ ಮುತ್ತಜ್ಜನ್ನ ಬ್ರಿಟಿಷರ ಕಾಲದಾಗ ಕಬ್ಬಿನ ಹೊಲಕ್ಕ ದುಡಿಯಾಕ ಹಾಲಂಡಿನವರ ಕೈಯಾಗಿದ್ದ ಸುರಿನಾಮ್ ಅನ್ನೋ ದೇಶಕ್ಕ ಹಡಗಿನಾಗ ಒಯ್ದಿದ್ರಂತ. ಅಲ್ಲಿಂದ ಇವರು ಹಾಲಂಡಿಗೆ ಬಂದು ನೆಲಿಸ್ಯಾರ. ಹಿಂದಿ ಮಾತಾಡತಾಳ, ಹಳೇ ಕಾಲದ ಹಿಂದಿ. ನನಗ 'ಕಾಕಾ' ಅಂದ್ಲು. ಆ ಒಂದು ಮಾತಿಗೆ ನಾ ಕರಗಿ ಹೋದೆ.

ಅಕಿ ಓಣ್ಯಾಗಿನ ಒಂದು ಡಚ್ಚರ ಮನಿಗೆ ನಮ್ಮನ್ನ ಕಾಫಿಗೆ ಕರದಿದ್ರು. ಯಾರದೋ ಹುಟ್ಟಿದ ದಿನ. ಆ ಊರಾಗ ಹುಟ್ಟಿದಾವ್ರಿಗೆ ಅಷ್ಟ ಅಲ್ಲ, ಅವ್ವ, ಅಪ್ಪ, ಬಾಜೂಮನಿಯವರು, ಎಲ್ಲಾರಿಗೂ ಕೈ ಕುಲುಕಿ ಅಭಿನಂದನಾ ಹೇಳತಾರ. ನನಗೂ ಒಬ್ಬಾಕಿ ಮುದುಕಿ ಹೇಳಿದ್ಲು. ನಾ ಏನ ಸಾಧನಿ ಮಾಡಿದ್ನೋ ತಿಳೀಲಿಲ್ಲ, ಆದ್ರ ಮೀಸಿ ಮ್ಯಾಲ ಕೈ ಹೋತು.

ಆಮ್ಯಾಲ ಬಿಸ್ಕೂಟಿನ ಡಬ್ಬಿ ಬಂತು. ಚಂದನ ಡಬ್ಬಿ. ಎಲ್ಲಾರೂ ಒಂದೊಂದು ತಗೊಂಡ್ರು. ಡಬ್ಬಿ ಮುಚ್ಚಿತು. ನಾ ಕಾದೆ. ಬಾಬಾಸಾಬ ಕಾದ. ಡಬ್ಬಿ ಕಪಾಟಿನೊಳಗ ಹೋತು. ನಮ್ಮ ಬೆಳಗಾಂವಿನಾಗ ಹಂಗ ಬೀಗರ ಮುಂದ ಕುಂದಾದ ಡಬ್ಬಿ ಮುಚ್ಚಿದ್ರ ಲಗ್ನ ಮುರೀತಿತ್ತು. ಬಾಬಾಸಾಬ ಮೆಲ್ಲಕ ಅಂದ, 'ವಸ್ತಾದ, ಈ ದೇಶದಾಗ ಪೈಲವಾನರು ಯಾಕ ಹುಟ್ಟಂಗಿಲ್ಲ ಅಂತ ಈಗ ತಿಳೀತು ನೋಡ್ರಿ.' ಆದ್ರ ಒಂದು ಖರೇ. ಇಲ್ಲ ಅಂದ್ರ ಇಲ್ಲ ಅಂತಾರ, ಹೌದಂದ್ರ ಹೌದು ಅಂತಾರ, ಒಳಗೊಂದು ಹೊರಗೊಂದು ಇಲ್ಲ. ನನಗ ಅದು ಮನಸ್ಸಿಗೆ ಬಂತು.

ಸುಶೀಲಾ ನಮಗ ಬೇಕಾದಷ್ಟು ಓಡಾಡಿದ್ಲು. ಆದ್ರ ಒಂದ ಮಾತಿಗೆ ನನಗ ಬ್ಯಾಸರ. ದಿನಾ ಥಂಡಾಯಿ ಗ್ಲಾಸ ಮುಂದ ಹಿಡದ್ರ, 'ಬ್ಯಾಡ ಕಾಕಾ' ಅಂತ ಹಿಂದ ಸರಿಯಾಕಿ. ಮಗಳ ಸಮಾನ ಹುಡುಗಿ ನಮ್ಮ ಕೈಯಾಂದು ಕುಡಿಯಂಗಿಲ್ಲ ಅಂದ್ರ ಹೆಂಗನಸತೈತಿ ಹೇಳ್ರಿ.

ತೋಟದಾಗಿನ ಸಾಲು

ಮೇಳಾ ನಡದದ್ದು ಒಂದು ದೊಡ್ಡ ತೋಟದಾಗ. ಮೊದಲನೇ ದಿನ ನಮ್ಮ ಹಂದರಕ್ಕ ಬಂದಾವ್ರು ಅಷ್ಟಕ್ಕಷ್ಟ. ಆಮ್ಯಾಲ ಒಬ್ಬ ಪೇಪರಿನಾಂವ ಬಂದು, ನಾ ಗ್ಲಾಸ ಹಿಡಕೊಂಡು ನಿಂತಿದ್ದು ಫೋಟೋ ತಗೊಂಡು ಹೋದ. ಪೇಪರಿನಾಗ ಬಂತು. ಅಬಬಬ, ಏನ ಫೋಟೋ ಅದು! ಪಟಕಾ, ಮೀಸಿ, ಕೈಯಾಗ ಗ್ಲಾಸ. ಕೆಳಗ ಅವರ ಭಾಷಾದಾಗ ಏನೋ ಬರದಿತ್ತು. ನಾ ಅದನ್ನ ಹಂದರದ ಕಂಬಕ್ಕ ಹಚ್ಚಿದೆ. ಬಂದಾವ್ರಿಗೆಲ್ಲಾ ಬೆರಳ ಮಾಡಿ ತೋರಿಸಿದೆ, 'ನಾನ ಇಂವ' ಅಂತ.

ಮರುದಿನದಿಂದ ಸಾಲೋ ಸಾಲು. ಉದ್ದ ಕೂದಲಿನ ಹುಡುಗರು, ಬರಿಗಾಲಿನ ಹುಡುಗ್ಯಾರು. ಸೈಕಲ್ಲಿನ ಮುಂದೊಂದು ಹಿಂದೊಂದು ಕೂಸು ಹೇರಿಕೊಂಡ ತಾಯಂದಿರು ದೂರ ನಿಂತು ನೋಡಾವ್ರು. ಬಾಬಾಸಾಬ ಗದಾ ಬಿಟ್ಟು ಅರಿಯಾಕ ಕುಂತ. ಹುಡುಗರು ಗ್ಲಾಸ ತಗೊಂಡು ಕಣ್ಣು ಮುಚ್ಚಿ ಹನಿ ಹನಿ ಕುಡಿಯೋರು. ಕುಡದು ಹುಲ್ಲಿನ ಮ್ಯಾಲ ಅಡ್ಡಾಗೋರು. ಒಬ್ಬ ಆಕಾಶದಾಗಿನ ಮಾಡ ನೋಡಿ ಕಿಸಿಕಿಸಿ ನಗತಿದ್ದ. ಒಬ್ಬ ಗಿಡಕ್ಕ ಅಪ್ಪಿಕೊಂಡು ನಿಂತಿದ್ದ. ಒಬ್ಬಾಕಿ ಹುಡುಗಿ ಅವ್ವನ್ನ ನೆನಸಿ ಅತ್ತಳು.

'ಈ ಮಂದಿಗೆ ಹಾಲು ಪಚನ ಆಗಂಗಿಲ್ಲ ಕಾಣತೈತಿ' ಅಂದ ಬಾಬಾಸಾಬ.

'ಹುಚ್ಚಪ್ಪಾ, ಇದು ಬದಾಮಿನ ಜೋರು' ಅಂದೆ ನಾನು. 'ಹುಟ್ಟಿದಾಗಿನಿಂದ ತಣ್ಣನ ರೊಟ್ಟಿ ತಿಂದ ಹೊಟ್ಟಿ. ನಮ್ಮ ಖುರಾಕ ಒಮ್ಮೆಲೆ ತಡಕೊಳ್ಳಾಕ ಆಗವಲ್ದು.' ಖರೇ ಹೇಳತೀನಿ, ಆ ದಿನಗಳಾಗ ನನ್ನ ಎದಿ ಇಷ್ಟಗಲ ಆಗಿತ್ತು. ನಮ್ಮ ಗುರುಗಳು ಇರಬೇಕಿತ್ತು ಅಂತ ಕಣ್ಣಾಗ ನೀರೂ ಬಂತು. ದಿಲ್ಲಿ ಸಾಹೇಬರು ಬಂದು ಬೆನ್ನು ಚಪ್ಪರಿಸಿ, 'ಜರ್ಮನಿ ಪಕ್ಕಾ' ಅಂದ್ರು. ಬಾಬಾಸಾಬ ಆ ಸಂಜೀಗೇ ಖಾನಾಪುರಕ್ಕ ಕಾಗದ ಬರದ.

ಅದರ ಮರುದಿನ ಸುಶೀಲಾ ಜೋಲು ಮೋತಿ ಮಾಡಿಕೊಂಡು ಬಂದ್ಲು. 'ಕಾಕಾ, ಇವತ್ತ ಸಂಜೀಕ ನಮ್ಮ ಓಣ್ಯಾಗ ಸಭಾ ಐತಿ. ನಿಮ್ಮನ್ನ ಎರಡೂ ಪಕ್ಷದಾವ್ರು ಕರದಾರ' ಅಂದ್ಲು.

'ಯಾತರ ಸಭಾ?'

ಆವಾಗ ಎಲ್ಲಾ ಹೇಳಿದ್ಲು. ಅವರ ಓಣ್ಯಾಗ ಹುಡುಗರು ಕೂಡೋ ಒಂದು ಕೇಂದ್ರ ಐತಿ. ಅಲ್ಲಿ ರಾಜಾರೋಷ ಗಾಂಜಾ ಮಾರತಾರ. ಕಾಯದೆದಾಗ ಅದು ತಪ್ಪೇ, ಆದ್ರ ಪೊಲೀಸರು ಕಣ್ಣು ಮುಚ್ಚತಾರ. ಈಗ ಒಂದು ಪಕ್ಷದವರು, ಕಣ್ಣಾಮುಚ್ಚಾಲಿ ಯಾಕ, ಕಾಯದೆದಾಗನ ಹೂಂ ಅಂದುಬಿಡ್ರಿ ಅಂತಾರ. ಇನ್ನೊಂದು ಪಕ್ಷದವರು, ಮುಚ್ಚಿಸಿಬಿಡ್ರಿ ಅಂತಾರ.

'ಅದಕ್ಕೂ ನನಗೂ ಏನ ಸಂಬಂಧ ತಂಗೀ?'

ಅಕಿ ಕಂಬದ ಮ್ಯಾಲಿನ ಪೇಪರ ಕಡೆ ನೋಡಿದ್ಲು. 'ಅದರಾಗ ಏನ ಬರದೈತಿ ಅಂತ ನೀವು ಕೇಳಲೇ ಇಲ್ಲ. ನಿಮಗ ಗೊತ್ತೈತಿ ಅಂತ ನಾ ತಿಳದಿದ್ದೆ.' ಆಮ್ಯಾಲ ಓದಿ ಹೇಳಿದ್ಲು. 'ಶಿವನ ಹಸಿರು ಪಾನೀಯ. ಭಾರತದ ಮಲ್ಲರು ಸಾವಿರಾರು ವರ್ಷದಿಂದ ಕುಡಿಯೋ ಭಾಂಗ್ ಈಗ ನಮ್ಮ ತೋಟದಾಗ.' ಗೋವಾ, ಕಾಶಿ ಎಲ್ಲಾ ತಿರುಗಿ ಬಂದ ಪೀಟರ್ ಅನ್ನೋ ಗಡ್ಡದ ಹುಡುಗ ನಮ್ಮ ಹಸಿರ ಬಣ್ಣ ನೋಡಿ ಪೇಪರಿನಾಂವಗ ಹಂಗಂತ ಹೇಳಿದ್ದನಂತ.

ನನ್ನ ಮೈಯಾಗಿನ ರಕ್ತ ತಲಿಗೆ ಏರಿತು. ಆ ಪೇಪರನ್ನ ನಾನ ಕಂಬಕ್ಕ ಹಚ್ಚಿ, ನಾನ ಬೆರಳ ಮಾಡಿ ತೋರಿಸಿದ್ದೆ. ಏಳು ಸಮುದ್ರ ದಾಟಿ ಬಂದ್ರೂ 'ಗುಂಗಿನ ತಾಲೀಮು' ನನ್ನ ಬೆನ್ನು ಹತ್ತಿ ಬಂದಿತ್ತು. 'ಅಂದ್ರ, ನೀ ಇಷ್ಟ ದಿನ ಗ್ಲಾಸ ಮುಟ್ಟದ ಇದ್ದದ್ದು...' ಅಂದೆ. ಸುಶೀಲಾ ತಲಿ ಬಗ್ಗಿಸಿದ್ಲು. 'ಅವ್ವ ಮುಟ್ಟಬ್ಯಾಡ ಅಂದಾಳ್ರಿ ಕಾಕಾ.'

ಓಣಿಯ ಸಭಾ

ದಿಲ್ಲಿ ಸಾಹೇಬರ ಕಡೆ ಹೋದೆ. ಅವರು ಎಲ್ಲಾ ಮೊದಲೇ ಬಲ್ಲವರು. 'ಸುಮ್ಮನಿರ್ರಿ ವಸ್ತಾದ. ಅದರಾಗ ಐತಿ ಅಂತ ನಾವೇನು ಹೇಳಿಲ್ಲ. ಇಲ್ಲ ಅಂತ ಹೇಳೋ ಗರಜೂ ಇಲ್ಲ. ಮಂದಿ ಬರಾಕತ್ತೈತಿ, ಜರ್ಮನಿಯವರು ನೋಡಿ ಹೋಗ್ಯಾರ' ಅಂದ್ರು. ಬಾಬಾಸಾಬನೂ ತಲಿ ಕೆರಕೊಂಡ. 'ನಾವಾಗೆ ಎದ್ದು ಇಲ್ಲ ಇಲ್ಲ ಅಂದ್ರ, ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಕೊಂಡಂಗ ಆಗತೈತ್ರಿ' ಅಂದ. ಅವನ ಮನಸ್ಸಿನಾಗ ಏನೈತಿ ಅಂತ ನನಗ ಗೊತ್ತಿತ್ತು. ಖಾನಾಪುರಕ್ಕ ಕಾಗದ ಹೋಗಿಬಿಟ್ಟಿತ್ತು. ನಾ ಪಟಕಾ ಸುತ್ತಿಕೊಂಡು ಸಭಾಕ್ಕ ಹೊಂಟೆ. ಅಂವನೂ ಹಿಂದಿಂದ ಬಂದ.

ಸಂಜೀ ಆದ್ರೂ ಅಲ್ಲಿ ಬಿಸಲು ಆರಿರಲಿಲ್ಲ, ನಮ್ಮ ಮಧ್ಯಾಹ್ನ ಇದ್ದಂಗ ಇತ್ತು. ಒಂದು ಸಾಲಿಯ ಸಭಾಗೃಹದಾಗ ಓಣಿ ಮಂದಿ ಎಲ್ಲಾ ಕೂಡಿತ್ತು. ಸಾಲಿ ಕಲಸೋ ಒಬ್ಬಾಕಿ ಹೆಣಮಗಳು ಅಧ್ಯಕ್ಷಳಾಗಿ ಕುಂತಿದ್ಲು. ನಮ್ಮ ಕಡೆ ಪಂಚಾಯ್ತಿ ಕೂಡಿದ್ರ ಎಲ್ಲಾರೂ ಒಮ್ಮೆಲೆ ಮಾತಾಡತೀವಿ, ಕಡೀಕ ಯಾರ ದನಿ ದೊಡ್ಡದೋ ಅವನದು ನ್ಯಾಯ. ಇಲ್ಲಿ ಕೈ ಎತ್ತಿದಾವ್ರು ಎದ್ದು ನಿಂತು ಮಾತಾಡೋದು, ಉಳದಾವ್ರು ಕೇಳೋದು. ಬೈದರೂ ಸರತಿ ಬಂದಾಗ ಬೈಯ್ಯೋದು.

ಗಡ್ಡದ ಪೀಟರ್ ಎದ್ದ. ಅವರ ಮಾತನ್ನೆಲ್ಲಾ ಸುಶೀಲಾ ನನ್ನ ಕಿವ್ಯಾಗ ಹಿಂದಿಯೊಳಗ ಹೇಳತಿದ್ಲು. 'ಮುಚ್ಚಿಸಿದ್ರ ಹುಡುಗರು ಬಿಡತಾರೇನು? ಕತ್ತಲ ಸಂದಿಗೆ ಹೋಗತಾರ. ಅಲ್ಲಿ ಮಾರಾಂವ ಅದರ ಜೋಡಿ ಸೂಜೀಲೆ ಚುಚ್ಚಿಕೊಳ್ಳೋ ವಿಷನೂ ಕೊಡತಾನ. ಬೆಳಕಿನಾಗ ಮಾರಿದ್ರ ನಮ್ಮ ಕಣ್ಣ ಮುಂದ ಇರತೈತಿ' ಅಂದ. ಮಾತು ನನಗ ಸುಳ್ಳನ್ನಿಸಲಿಲ್ಲ. ಆಮ್ಯಾಲ ಅಂವ ನನ್ನ ಕಡೆ ಕೈ ಮಾಡಿದ. 'ಈ ಭಾರತದ ಹಿರಿಯರನ್ನ ನೋಡ್ರಿ. ತೋಟದಾಗ ದಿನಾ ಕುಡಸಾಕತ್ಯಾರ. ಒಂದು ಜಗಳ ಆಗೇತೇನು, ಒಬ್ಬರಿಗರ ಬ್ಯಾನಿ ಬಂದೈತೇನು?'

ದಪ್ಪ ಕನ್ನಡಕದ ಒಬ್ಬಾಕಿ ಹೆಣಮಗಳು ಎದ್ದಳು. 'ನನ್ನ ಮಗ ಮೊದಲು ದಿನಾ ಈಸಾಕ ಹೋಗತಿದ್ದ. ಈಗ ಮಧ್ಯಾಹ್ನ ತನಕ ಹಾಸಿಗಿ ಬಿಟ್ಟು ಏಳಂಗಿಲ್ಲ. ಸರಕಾರನ ಹೂಂ ಅಂದ ಮ್ಯಾಲ, ತಾಯಿ ಬ್ಯಾಡ ಅಂದ್ರ ಅಂವ ಕೇಳತಾನೇನು?' ಅಂದ್ಲು. ಆ ಮಾತೂ ನನಗ ಸುಳ್ಳನ್ನಿಸಲಿಲ್ಲ. ಆಮ್ಯಾಲ ಅಕಿನೂ ನನ್ನ ಕಡೆನ ಕೈ ಮಾಡಿದ್ಲು. 'ಇವರ ಹಂದರದ ಮುಂದ ನಿನ್ನೆ ನನ್ನ ಮಗ ಹುಲ್ಲಿನಾಗ ಬಿದ್ದು ನಗತಿದ್ದ. ಇದು ಅಪಾಯ ಅಲ್ಲೇನು?'

ನಾ ಎದ್ದೆ. ಕೈ ಎತ್ತೋದು ಮರತೇ ಹೋತು. ಸುಶೀಲಾನೂ ಎದ್ದು ಬಾಜೂಕ ನಿಂತ್ಲು.

'ತಂಗೀ, ಒಂದಕ್ಷರ ಬಿಡದ ಹೇಳು. ನಾ ಬೆಳಗಾಂವಿನಾಂವ. ನಮ್ಮ ಕಡೆ ಈ ಗಿಡದ ಸುದ್ದಿ ನಿಮಗಿಂತ ಹಳೇದು. ನಮ್ಮ ಅಜ್ಜನ ಕಾಲಕ್ಕ ಸರಕಾರಿ ಲೈಸನ್ಸಿನ ಅಂಗಡಿ ಇದ್ದವಂತ. ಈಗಲೂ ಬೈರಾಗಿ ಕೆರಿ ದಂಡಿ ಮ್ಯಾಲ ಕುಂತು ಚಿಲುಮಿ ಎಳದ್ರ ನಾವ್ಯಾರೂ ಪೊಲೀಸರನ್ನ ಕರಿಯಂಗಿಲ್ಲ. ಕೈ ಮುಗದು ಹೋಗತೀವಿ. ಆದ್ರ ಆ ಬೈರಾಗಿಗೆ ಯಾರೂ ಹೆಣ್ಣು ಕೊಡಂಗಿಲ್ಲ. ನೀವು ಆ ಕೇಂದ್ರ ತಗದಿಡ್ರಿ, ಇಲ್ಲಾ ಮುಚ್ಚರಿ. ಅದು ನಿಮ್ಮ ಓಣಿ ನ್ಯಾಯ, ನಿಮ್ಮ ಮಕ್ಕಳು. ನಾ ಹೇಳಾಂವಲ್ಲ. ಆದ್ರ ನನ್ನ ಥಂಡಾಯಿ ಹಿಡಕೊಂಡು ನೀವಿಬ್ಬರೂ ಜಗಳಾಡಬ್ಯಾಡ್ರಿ. ಅದರಾಗ ಭಾಂಗ್ ಇಲ್ಲ. ನಾ ಯಾವತ್ತೂ ಹಾಕಿಲ್ಲ. ಬದಾಮ, ಪಿಸ್ತಾ, ಬಡೇಸೋಪು, ಹಾಲು. ಅಷ್ಟ.'

ಸುಶೀಲಾ ಹೇಳಿ ಮುಗಿಸಿದ್ಲು. ಆಮ್ಯಾಲ ಹಿಂದಿನಿಂದ ಒಬ್ಬ ಕೈ ಎತ್ತಿದ. 'ಪೊಲೀಸರಿಗೆ ಹೆದರಿ ಹಿಂಗಂತಾರ. ಕುಡದ ಮಂದಿಗೆ ಅಮಲು ಏರಿದ್ದು ನಾವು ಕಂಡೀವಿ' ಅಂದ.

ಹೆದರಿ ಅಂದ್ರ! ನನಗ ಹೆದರಿ ಅಂದ! ನಾ ತೊಡಿ ತಟ್ಟಾಂವ ಇದ್ದೆ. ಬಾಬಾಸಾಬ ತೋಳು ಹಿಡದ. ನನಗ ಗಾಬರಿ ಆತು, ಜರ್ಮನಿ ಆಸೆಗೆ ಇಂವ ನನ್ನ ಕುಂದರಿಸತಾನೇನೋ ಅಂತ. ಅಂವ ಅಂದ, 'ಸಿಟ್ಟು ಬ್ಯಾಡ ವಸ್ತಾದ. ಬೋಗುಣಿ ತರತೀನಿ. ಇವರ ಕಣ್ಣ ಮುಂದ ಅರಿಯೂಣು.' ಅಂದಾಂವ ಸೈಕಲ್ ಒಂದನ್ನ ಯಾರದಂತ ಕೇಳದ ಏರಿ ಹೋದ.

ನಾಳಿಗಂತ ನೆನೆ ಇಟ್ಟಿದ್ದ ಬದಾಮ, ಎಲ್ಲಾ ಡಬ್ಬಿ, ಬೋಗುಣಿ, ಕಟ್ಟಿಗಿ, ಹಾಲು, ಹೇರಿಕೊಂಡು ಬಂದ. ಅಧ್ಯಕ್ಷಳ ಮೇಜಿನ ಮುಂದ ನೆಲದ ಮ್ಯಾಲ ಕುಂತೆ. ಒಂದೊಂದು ಡಬ್ಬಿನೂ ಮಂದಿ ಕೈಗೆ ಕೊಟ್ಟೆ. ಮೂಸ್ರಿ, ತಿನ್ರಿ, ನೋಡ್ರಿ. ಆಮ್ಯಾಲ ಅಂಗಿ ಕಳದು ಅರಿಯಾಕ ಹತ್ತಿದೆ. ಬಾಬಾಸಾಬ ಬೋಗುಣಿ ಹಿಡದ. ನನ್ನ ಜನ್ಮದಾಗ ಅಷ್ಟು ನುಣ್ಣಗ ಅರದಿಲ್ಲ. ಬೆವರು ಕಿತಗೊಂಡು ಹೋತು.

ಹಾಲು ಕೂಡಿಸಿ ಮೊದಲನೇ ಗ್ಲಾಸ ತುಂಬಿದೆ. ಯಾರಿಗೆ ಕೊಡೋದು ಅಂತ ನೋಡೂದ್ರಾಗ ಸುಶೀಲಾ ಕೈ ಚಾಚಿದ್ಲು. ಅಲ್ಲೇ ಮೂರನೇ ಸಾಲಿನಾಗ ಅಕಿ ಅವ್ವ ಕುಂತಿದ್ಲು. ಸುಶೀಲಾ ಅವ್ವನ ಮಾರಿ ನೋಡಿದ್ಲು, ಗ್ಲಾಸ ಎತ್ತಿದ್ಲು, ತಳ ಕಾಣೋ ತನಕ ಕುಡದ್ಲು. ಮೀಸಿ ಬಂದಂಗ ತುಟಿ ಮ್ಯಾಲ ನೊರಿ. 'ಕಾಕಾ, ಭಾಳ ಚೊಲೋ ಐತಿ' ಅಂದ್ಲು. ನನಗ ಕಣ್ಣು ತುಂಬಿ ಬಂದ್ವು, ಮುಚ್ಚಿಡೋದೇನೈತಿ.

ಆಮ್ಯಾಲ ಎಲ್ಲಾರೂ ಬಂದ್ರು. ಕನ್ನಡಕದ ತಾಯಿ ಕುಡದ್ಲು. ಪೀಟರ್ ಎರಡು ಗ್ಲಾಸ ಕುಡದು, ಗೋಡಿಗೆ ಆತು ಕುಂತು, ಗಡಿಯಾರ ನೋಡಕೋತ ಅಮಲಿನ ದಾರಿ ಕಾದ. ಇಡೀ ಸಭಾ ಅವನ ಮಾರಿನ ನೋಡತಿತ್ತು. ಭಾಳ ಹೊತ್ತಾತು. ಕಡೀಕ ಅವನಿಗೆ ಒಂದು ದೊಡ್ಡ ತೇಗು ಬಂತು. ಅಷ್ಟ. ಮೊದಲು ಕನ್ನಡಕದಾಕಿ ನಕ್ಕಳು, ಆಮ್ಯಾಲ ಪೀಟರೂ ನಕ್ಕ, ಆ ಸಭಾಗೃಹ ಹಾರಿ ಹೋಗೋ ಹಂಗ ಮಂದಿ ನಕ್ಕಿತು. ಹುಲ್ಲಿನಾಗ ಉರುಳಿದ್ದ ಹುಡುಗರು ಮಾತ್ರ ಒಬ್ಬರ ಮಾರಿ ಒಬ್ಬರು ನೋಡಲಿಲ್ಲ.

ನ್ಯಾಯ ಅವತ್ತ ಮುಗೀಲಿಲ್ಲ. ಮುಂದಿನ ಸಭಾಕ್ಕ ಹಾಕಿದ್ರು. ಇದಕ್ಕಂತೂ ನಮ್ಮ ಪಂಚಾಯ್ತಿಗೂ ಅವರದಕ್ಕೂ ಫರಕ್ ಇದ್ದಿಲ್ಲ. ಹೊಂಟಾಗ ಆ ತಾಯಿ ಬಂದು ನನ್ನ ಕೈ ಹಿಡದು ಕುಲುಕಿದ್ಲು.

ಮರುದಿನ

ಹಂದರದ ಮುಂದ ಒಂದು ಹಕ್ಕಿ ಸುದ್ದಾ ಇಲ್ಲ. ಮಳಿ ಬ್ಯಾರೆ ಜಿಟಿಜಿಟಿ ಹತ್ತಿತ್ತು. ದಿಲ್ಲಿ ಸಾಹೇಬರು ಕೊಡಿ ಹಿಡಕೊಂಡು ಬಂದು, ನಿಮ್ಮ ಸೊಕ್ಕಿಗೆ ಜರ್ಮನಿ ಹೋತು ಅಂತ ಹೇಳಿ ಹೋದ್ರು. ಕಂಬದ ಮ್ಯಾಲಿನ ಪೇಪರ ನಾ ಹರದು ಒಗದೆ. ಬಾಬಾಸಾಬ ಗದಾ ಒರಸಿಕೋತ ಕುಂತಿದ್ದ. 'ಖಾನಾಪುರದಾಗ ಏನಂತ ಹೇಳ್ತೀಯೋ ಬಾಬಾ?' ಅಂದೆ.

'ಜರ್ಮನಿಗೆ ಹೋಗಿದ್ದೆ, ಭಾಳ ಮಳಿ ಅಂತೀನ್ರಿ' ಅಂದ. ನಕ್ಕೆ. ಆದ್ರ ಒಳಗೆ ಕಸಿವಿಸಿ. ಹೆಸರು ಉಳೀತು, ಖರೇ. ಆದ್ರ ಇಷ್ಟು ದಿನ ನಿಂತ ಆ ಸಾಲಿನಾಗ ಒಬ್ಬರೂ ನನ್ನ ಕೈ ರುಚಿಗೆ ಬಂದಾವ್ರಲ್ಲ ಅನ್ನೋ ಮಾತು ಎದಿಯಾಗ ಕಲ್ಲಾಗಿ ಕುಂತಿತ್ತು. ಅವರು ಕುಡದದ್ದು ತಮ್ಮ ತಲಿಯೊಳಗಿನ ಭಾಂಗ್. ನಾ ಬರೇ ಗ್ಲಾಸ ಕೊಟ್ಟಾಂವ.

ಮಧ್ಯಾಹ್ನದ ಸುಮಾರಿಗೆ ಪೀಟರ್ ಬಂದ. ಮಳ್ಯಾಗ ನೆನದು ಗಡ್ಡದಿಂದ ನೀರು ಇಳೀತಿತ್ತು. ಸೈಕಲ್ ಆನಿಸಿ, ಹಂದರದ ಹೊರಗನ ನಿಂತ. ನಾ ಮಾರಿ ತಿರುವಿದೆ. ಕಾಶಿಯಾಗ ಒಂದೆರಡು ಹಿಂದಿ ಮಾತು ಕಲತಿದ್ದ, ಅದರಾಗನ ತಡವರಿಸಿ ಹೇಳಿದ, 'ನಿನ್ನೆ ಎರಡು ಗ್ಲಾಸು ಕುಡದೆ. ಏನೂ ಆಗಲಿಲ್ಲ.'

'ಆಗಂಗಿಲ್ಲಪಾ. ಅದನ್ನ ಹೇಳಾಕ ಮಳ್ಯಾಗ ಬಂದಿಯೇನು?' ಅಂದೆ.

'ಅಲ್ಲ' ಅಂದ. 'ಇವತ್ತ ಮುಂಜಾನೆ ಎದ್ದಾಗಿನಿಂದ ಆ ರುಚಿ ನೆನಪಾಗಾಕತ್ತೈತಿ. ಒಂದು ಗ್ಲಾಸ ಕೊಡತೀರೇನು?'

ಬಾಬಾಸಾಬ ನನ್ನ ಮಾರಿ ನೋಡಿದ. ನಾ ಅಂಗಿ ಕಳದು, ಬೋಗುಣಿ ಎಳಕೊಂಡು ಕುಂತೆ. 'ಬಾ ತಮ್ಮಾ, ಒಳಗ ಬಾ, ಕುಂದರು' ಅಂದೆ. ಆ ದೇಶದಾಗ ನಮ್ಮ ಖಾಸಬಾಗದ ಥಂಡಾಯಿ ಬೇಡಿ ಬಂದು ಕುಡದ ಮೊದಲನೇ ಮನಷ್ಯಾ ಅಂವ.